ಮೊಣಕಾಲಿನ ನೋವು, ಸೊಂಟದ ರೋಗ

ಕಳೆದ ವರ್ಷ ಮನೆ ಭೇಟಿಗೆ ಹೋಗಿದ್ದಾಗ ನಮ್ಮ ವಾಳೆಯ ಒಬ್ಬರು ಜಗಲಿಯಲ್ಲಿ ಕಾಲು ನೀಡಿ ಕುಳಿತಿದ್ದರು. ಟೈಲ್ಸ್ ಕೆಲಸದವರು, ಪ್ರಾಯ 38. "ಮೊಣಕಾಲು ನೋವು ಫಾದರ್, ಕುಕ್ಕರಗಾಲಲ್ಲಿ ಕೂರಲಾಗುವುದಿಲ್ಲ" ಎಂದರು. ನಾಲ್ಕು ತಿಂಗಳು ಎಣ್ಣೆ ತಿಕ್ಕಿಯಾಗಿತ್ತು. ಮೊಣಕಾಲಿನ ಎಕ್ಸ್‌ರೇಯಲ್ಲಿ ದೋಷವೇನೂ ಕಂಡಿರಲಿಲ್ಲ. ಕೆಲಸದ ಆಯಾಸವಿರಬೇಕು, ವಿಶ್ರಾಂತಿ ತೆಗೆದುಕೊಳ್ಳಿ ಎಂದು ನಾವೂ ಹೇಳಿ ಬಂದೆವು. ಹಾಗೆ ಹೇಳಬಾರದಿತ್ತು.

ಕೆಲವು ತಿಂಗಳ ಬಳಿಕ ಕುಂಟತೊಡಗಿದಾಗ ಮಂಗಳೂರಿನಲ್ಲಿ ಎಂ.ಆರ್.ಐ. ಮಾಡಿಸಿದರು. ರೋಗವಿದ್ದದ್ದು ಸೊಂಟದ ಕೀಲಿನಲ್ಲಿ, ಅದೂ ಎರಡೂ ಕಡೆ. ತೊಡೆಯೆಲುಬಿನ ತುದಿಯ ಚೆಂಡಿಗೆ ರಕ್ತ ಸಾಲದೆ ಎಲುಬು ಒಳಗಿಂದೊಳಗೆ ಸಾಯುತ್ತಿತ್ತು. ಎ.ವಿ.ಎನ್. ಎಂದು ವೈದ್ಯರು ಕರೆಯುವುದು ಇದನ್ನೇ. ಸೊಂಟಕ್ಕೂ ಮೊಣಕಾಲಿಗೂ ಹೋಗುವ ನರಗಳು ಒಂದೇ ಮೂಲದವು, ಆದ್ದರಿಂದ ಸೊಂಟದ ಕೀಲಿನ ನೋವು ತೊಡೆಸಂದಿಯಲ್ಲಿ, ಕೆಲವೊಮ್ಮೆ ಮೊಣಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಆರಂಭದಲ್ಲಿ ಸೊಂಟದ ಎಕ್ಸ್‌ರೇ ತೆಗೆದರೂ ರೋಗ ಕಾಣದಿರಬಹುದು.

ಅತಿಯಾದ ಮದ್ಯಪಾನ ಒಂದು ಕಾರಣ. ಪ್ರಸಂಗಗಳಲ್ಲಿ ನಾವು ಲಿವರಿನ ಮಾತೆತ್ತುತ್ತೇವೆ, ಎಲುಬಿನದನ್ನು ಎತ್ತಿದ್ದಿಲ್ಲ. ವಯನಾಡಿನ ಆದಿವಾಸಿ ಕುಟುಂಬಗಳಲ್ಲಿರುವ ಸಿಕಲ್ ಸೆಲ್ ರೋಗ ಇನ್ನೊಂದು. ಮತ್ತೊಂದು ಸ್ಟಿರಾಯ್ಡ್: ಕೋವಿಡ್‌ಗಾಗಿ ಅದನ್ನು ಪಡೆದ ಮೂವರಲ್ಲಿ ಈ ರೋಗ ಕಂಡದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ಬರೆದಿದ್ದರು. ನಮ್ಮ ಈ ಸಹೋದರರು ಚರ್ಮರೋಗದ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಅದೇ ಗುಳಿಗೆ ನುಂಗಿದ್ದರು. ಹಾಗೆಂದು ಹೆದರಿ, ವೈದ್ಯರು ಕೊಟ್ಟ ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ಎಡಗಡೆಯ ಚೆಂಡು ಇನ್ನೂ ದುಂಡಗಿತ್ತು. ಅದಕ್ಕೆ ಕೋರ್ ಡಿಕಂಪ್ರೆಶನ್ ಎಂಬ ಸಣ್ಣ ಶಸ್ತ್ರಚಿಕಿತ್ಸೆ ಮಾಡಿದರು. ತೊಡೆಯ ಹೊರಬದಿಯಲ್ಲಿ ಚಿಕ್ಕ ಗಾಯ ಮಾಡಿ, ಎಕ್ಸ್‌ರೇ ಪರದೆ ನೋಡುತ್ತಾ ಸತ್ತ ಭಾಗದವರೆಗೆ ಎಲುಬಿಗೆ ರಂಧ್ರ ಕೊರೆಯುತ್ತಾರೆ. ಕೆಲವರು 8-10 ಮಿ.ಮೀ.ನ ಒಂದೇ ರಂಧ್ರ, ಕೆಲವರು 3 ಮಿ.ಮೀ.ನ ಹಲವು. ಒಳಗಿನ ಒತ್ತಡ ಇಳಿದು ನೋವು ತಗ್ಗುತ್ತದೆ, ಹೊಸ ರಕ್ತನಾಳಗಳಿಗೆ ದಾರಿಯಾಗುತ್ತದೆ. ರೋಗಿಯದೇ ಮಜ್ಜೆಯನ್ನು ಅಲ್ಲಿಗೆ ತುಂಬುವುದೂ ಉಂಟು. ಬಳಿಕ ಕೆಲವು ವಾರ ಊರುಗೋಲು ಬೇಕು. ಎಲ್ಲರಿಗೂ ಫಲಿಸುತ್ತದೆಂದಲ್ಲ, ಆದರೆ ಚೆಂಡು ಕುಸಿಯುವ ಮೊದಲೇ ಮಾಡಿದರೆ ಕೀಲು ಉಳಿಯುವ ಅವಕಾಶವುಂಟು.

ಬಲಗಡೆಯದು ಆಗಲೇ ಕುಸಿದಿತ್ತು. ಕೀಲನ್ನೇ ಬದಲಿಸಬೇಕಾಯಿತು. ಎಣ್ಣೆ ತಿಕ್ಕಿದ ಆ ತಿಂಗಳುಗಳ ಬಗ್ಗೆ ಅವರ ಹೆಂಡತಿ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಈಗ ಅವರು ಪೂಜೆಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂರುತ್ತಾರೆ. ಇಷ್ಟು ಪ್ರಾಯದವರು ಯಾಕೆ ಮೊಣಕಾಲೂರುವುದಿಲ್ಲ ಎಂದು ದಯವಿಟ್ಟು ಯಾರೂ ಕೇಳಬೇಡಿ.