ಅಮ್ಮನ ಹೆಸರಲ್ಲಿ ಪಹಣಿ ಇಲ್ಲ

ಮೊನ್ನೆ ಭಾನುವಾರ ನಾಗರಬಾವಿಯ ನಮ್ಮ ಮಾಮೂಲಿ ದರ್ಶಿನಿ ಮುಂದೆ ನಿಂತು ಬೈಟೂ ಕಾಫಿ ಕುಡೀತಿದ್ವಿ. ಮಾತು ಹೇಗೋ ಪರಪ್ಪನ ಅಗ್ರಹಾರದ ಕಡೆ ಹೊರಳಿತು. ಗೆಳೆಯ ಅಂದ, "ತಪ್ಪು ಮಾಡದೇ ಇದ್ರೆ ಆ ಹೆಂಗಸರು ಯಾಕೆ ಗುರು ಒಳಗಿರ್ತಾರೆ?" ನ್ಯಾಷನಲ್ ಲಾ ಸ್ಕೂಲ್ ಇರೋ ಏರಿಯಾದಲ್ಲಿ ನಿಂತು ಕೇಳೋ ಪ್ರಶ್ನೆಯಾ ಇದು? ಆದ್ರೆ ನನಗೂ ಅಲ್ಲಿ ಉತ್ತರ ಹೊಳೀಲಿಲ್ಲ. ಅದಕ್ಕೇ ಈ ಪೋಸ್ಟು.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಪ್ರತಿ ನೂರು ಜನರಲ್ಲಿ ಸುಮಾರು 75 ಮಂದಿ ವಿಚಾರಣಾಧೀನರು. ಹೆಂಗಸರ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ. ಅಂದ್ರೆ ಇವರು ಆರೋಪಿಗಳು, ಅಪರಾಧಿಗಳಲ್ಲ. ತೀರ್ಪೇ ಬಂದಿಲ್ಲ ಸ್ವಾಮಿ! ಆರು ವರ್ಷದವರೆಗಿನ ಮಕ್ಕಳು ತಾಯಿ ಜೊತೆ ಒಳಗಿರಬಹುದು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಆ ಮಗುವಿನ ಮೇಲೆ ಯಾವ ಕೇಸಿದೆ?

ಹಾಗಂತ ಕಾನೂನಿಗೆ ಕರುಣೆ ಇಲ್ಲ ಅಂತಲ್ಲ. ಜಾಮೀನು ಸಿಗದಂಥ ಗಂಭೀರ ಕೇಸಿನಲ್ಲೂ ಹೆಂಗಸಾದರೆ ಕೋರ್ಟು ಬಿಡಬಹುದು. ಹಳೇ ಸಿಆರ್‌ಪಿಸಿಯಲ್ಲೂ ಇತ್ತು, 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಇದೆ. ಗಮನಿಸಿ, 'ಬಹುದು', ಅಷ್ಟೇ. ಅಸಲಿ ತೊಡಕು ಶುರುವಾಗೋದು ಬೇಲ್ ಸಿಕ್ಕಿದ ಮೇಲೆ. ಶ್ಯೂರಿಟಿ ತನ್ನಿ ಅಂತಾರೆ. ಪಹಣಿ ಎಲ್ಲಿ, ಕಂದಾಯದ ರಸೀದಿ ಎಲ್ಲಿ?

ನಾನು ಇಂಜಿನಿಯರಿಂಗ್ ಓದೋಕೆ ಲೋನ್ ತಗೊಂಡಾಗ ಅಪ್ಪ ಪಹಣಿ ಇಟ್ಟಿದ್ರು. ದಿನಾ ಅದೇ ಹೊಲದಲ್ಲಿ ಬೆನ್ನು ಬಗ್ಗಿಸಿದ ಅಮ್ಮನ ಹೆಸರು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಅಂಥ ಹೆಂಗಸಿನ ಮೇಲೆ ಗಂಡನ ಮನೆಯವರೇ ದೂರು ಕೊಟ್ಟಿದ್ರೆ? ರಾಯಚೂರಿಂದ ಕೂಲಿಗೆ ಬಂದು ಶೆಡ್ಡಿನಲ್ಲಿದ್ದವಳಾದ್ರೆ? ಬಿಡುಗಡೆಯ ಆರ್ಡರ್ ಇರುತ್ತೆ, ಸಹಿ ಹಾಕೋರೇ ಇರಲ್ಲ.

ಇದೇನು ಹೊಸ ಕಥೆಯಲ್ಲ. 1978ರಲ್ಲಿ ಮೋತಿರಾಮ್ ಅನ್ನೋ ಗಾರೆ ಕೆಲಸದವನ ಸೋದರನ ಜಾಮೀನನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ತಳ್ಳಿಹಾಕಿದ್ದರು. ಸುಪ್ರೀಂ ಕೋರ್ಟ್ ಅದನ್ನು ಖಂಡಿಸಿ, ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆ ಸಾಕು ಅಂತು. 2023ರ ಜನವರಿಯಲ್ಲಿ ಮತ್ತೆ ಹೇಳಿತು: ಬೇಲ್ ಸಿಕ್ಕಿ ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟೇ ಷರತ್ತು ಸಡಿಲಿಸೋದನ್ನ ಯೋಚಿಸಬಹುದು, ಸ್ಥಳೀಯ ಶ್ಯೂರಿಟಿಯೇ ಬೇಕೆಂದು ಹಟ ಹಿಡಿಯಬಾರದು. ಅದೇ ವರ್ಷ ಬಡ ಕೈದಿಗಳಿಗೆ 40 ಸಾವಿರದವರೆಗೆ ಕೊಡೋ ಕೇಂದ್ರದ ಯೋಜನೆಯೂ ಬಂತು. ಒಳ್ಳೇದೇ. ಆದ್ರೆ ದುಡ್ಡು ಸರ್ಕಾರ ಕೊಡಬಹುದು, ಜೊತೆಗೆ ನಿಲ್ಲೋ ನೆಂಟರನ್ನ ಎಲ್ಲಿಂದ ತರುತ್ತೆ?

ನಾನು ಹೇಳೋದಿಷ್ಟೇ. ಆಸ್ತಿ ಕೊಡದ ಸಮಾಜ ಆಸ್ತಿಯ ಕಾಗದ ಕೇಳಬಾರದು. ಬೇಲ್ ಸಿಕ್ಕ ಬಡ ಹೆಂಗಸನ್ನ ಅವಳದೇ ಮುಚ್ಚಳಿಕೆಯ ಮೇಲೆ ಬಿಡೋದು ರೂಢಿಯಾಗಬೇಕು, ಅಪವಾದವಲ್ಲ.

ಇನ್ನೊಂದು ಮಾತು. 1987ರ ಕಾಯ್ದೆ ಪ್ರಕಾರ ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ವಕೀಲರು ಸಿಗ್ತಾರೆ. ಸಹಾಯವಾಣಿ 15100. ಮನೆಕೆಲಸಕ್ಕೆ ಬರೋ ಅಕ್ಕನಿಗೂ ಹೇಳಿಡಿ.

ಮುಂದಿನ ಭಾನುವಾರ ಕಾಫಿ ನಂದೇ. ಗೆಳೆಯನಿಗೆ ಒಂದೇ ಪ್ರಶ್ನೆ: "ನಿಮ್ಮಮ್ಮನ ಹೆಸರಲ್ಲಿ ಏನಿದೆ ಗುರು?"

ನಿಮಗೂ ಅದೇ ಪ್ರಶ್ನೆ.