ವಿಳಾಸ ಹೆಕ್ಕುವ ಮೊದಲು ಒಂದು ಮಾತು ಕೇಳೋಣ

ನಮ್ಮ ಕಡೆಯ ಜಾಗದ ದಸ್ತಾವೇಜುಗಳಲ್ಲಿ 'ಯಾನೆ' ಎಂಬ ಪದ ಆಗಾಗ ಸಿಗುತ್ತದೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು. ಇವರು ಅವರೇ ಎಂದು ಹೇಳಲು ನಡುವೆ ಒಂದು 'ಯಾನೆ'. ಮಿಂಚಂಚೆಯಲ್ಲೂ ಇಂಥದೊಂದು ಯಾನೆ ಇದೆ, ಅದಕ್ಕೆ ಅಲಿಯಾಸ್ ಎನ್ನುತ್ತಾರೆ. ಉದ್ದುದ್ದ ವಿಳಾಸ ಟೈಪು ಮಾಡುವ ಬದಲು ನಾವೇ ಇಟ್ಟ ಅಡ್ಡಹೆಸರು ಬರೆದರೆ ಸಾಕು, ಪತ್ರ ಹೋಗುತ್ತದೆ. ಒಂದು ಅಡ್ಡಹೆಸರಿನ ಹಿಂದೆ ನೂರು ವಿಳಾಸ ಕೂರಿಸಿದರೆ ಒಂದೇ ಏಟಿಗೆ ನೂರು ಮಂದಿಗೆ! ದಸ್ತಾವೇಜಿನ ಯಾನೆ ಒಬ್ಬರಿಗೆ ಎರಡು ಹೆಸರು ಕೊಡುತ್ತದೆ, ಮಿಂಚಂಚೆಯದ್ದು ನೂರು ಜನರನ್ನು ಒಂದು ಹೆಸರಿನ ಹಿಂದೆ ಅಡಗಿಸುತ್ತದೆ. ಈ ಅಡಗಿಸುವ ಗುಣದಿಂದಲೇ ನಾವು ಒಂದು ದೊಡ್ಡ ಎಡವಟ್ಟು ಮಾಡಿಕೊಂಡೆವು. ನಮ್ಮಂಥ ಬೇರೆ ಶಾಲೆಯವರು ಅದನ್ನೇ ಮಾಡಬಾರದು ಎಂದು ಇದನ್ನು ಬರೆಯುತ್ತಿದ್ದೇವೆ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ದುಡಿಯುವವರಿಗೆ ನಮ್ಮ ಪಾಡು ಹೇಳಬೇಕಾಗಿಲ್ಲ. ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ. ತರಬೇತಿಯ ಟಿಪ್ಪಣಿಯೂ ಮಲಯಾಳದಲ್ಲಿ. ಕುಂಬಳೆಯಲ್ಲಿ ಒಬ್ಬ ಟೀಚರ್ ರಾತ್ರಿ ಹನ್ನೊಂದರವರೆಗೆ ಕೂತು ಅನುವಾದಿಸಿದ ವರ್ಕ್‌ಶೀಟನ್ನೇ ಮಂಜೇಶ್ವರದಲ್ಲಿ ಇನ್ನೊಬ್ಬ ಮಾಸ್ಟ್ರು ಅದೇ ರಾತ್ರಿ ಕೂತು ಅನುವಾದಿಸುತ್ತಾರೆ. ಒಬ್ಬರಿಗೆ ಇನ್ನೊಬ್ಬರ ಸುದ್ದಿ ಇಲ್ಲ. ಹಾಗಾಗಿ ನಮ್ಮ ಹಿರಿಯ ಮಾಸ್ಟ್ರೊಬ್ಬರು ವರ್ಷಗಟ್ಟಲೆ ಇಂಥದ್ದನ್ನೆಲ್ಲ ಒಟ್ಟು ಮಾಡಿ ಎಲ್ಲರಿಗೂ ಮಿಂಚಂಚೆಯಲ್ಲಿ ಕಳಿಸುತ್ತಿದ್ದರು. ಅವರು ನಿವೃತ್ತರಾದರು. ಆಮೇಲೆ ಅವರ ಮನೆಯ ಕಂಪ್ಯೂಟರೂ ಕೆಟ್ಟಿತು, ವಿಳಾಸದ ಪಟ್ಟಿ ಅದರೊಂದಿಗೇ ಹೋಯಿತು.

ಆದರೆ ಅವರ ಪತ್ರಗಳು ನಮ್ಮಲ್ಲಿ ಉಳಿದಿದ್ದವಲ್ಲ! ಪ್ರತಿ ಪತ್ರದ ತಲೆಯಲ್ಲಿ 'ಇಂದ', 'ಗೆ', 'ಪ್ರತಿ' ಎಂಬ ಸಾಲುಗಳಿರುತ್ತವೆ. ಅದರಲ್ಲಿ ವಿಳಾಸಗಳೆಲ್ಲ ಸಾಲಾಗಿ ಕೂತಿರುತ್ತವೆ. ಹೆಕ್ಕಿದರೆ ಆಯಿತು ಎಂದುಕೊಂಡೆವು. ಗೂಗಲ್ ಟೇಕ್‌ಔಟ್ ಮೂಲಕ ಪತ್ರಗಳನ್ನೆಲ್ಲ ಇಳಿಸಿಕೊಂಡರೆ ಎಂಬಾಕ್ಸ್ ಎಂಬ ಒಂದೇ ಉದ್ದನೆಯ ಪಠ್ಯ ಕಡತ ಸಿಗುತ್ತದೆ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ (2017ರಿಂದ ಅದು ಕೈಟ್) ಗ್ನೂ/ಲಿನಕ್ಸನ್ನೇ ಕಲಿಸಿದ್ದರಿಂದ ಗ್ರೆಪ್ ಎಂಬ ಆಜ್ಞೆ ನಮಗೆ ಹೊಸದಲ್ಲ. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬವರು ಆರಿಸಿಕೊಂಡ @ ಚಿಹ್ನೆ ಎಲ್ಲಿದೆಯೋ ಅಲ್ಲಿ, ಅದರ ಎರಡೂ ಬದಿಗೆ ಖಾಲಿ ಜಾಗವಿಲ್ಲದೆ ಅಂಟಿಕೊಂಡ ಅಕ್ಷರಗಳನ್ನು ಎತ್ತಿಕೊಡು ಎಂದು ಹೇಳಿದರೆ ಗ್ರೆಪ್ ಕ್ಷಣದಲ್ಲಿ ಎತ್ತಿಕೊಡುತ್ತದೆ.

ಎತ್ತಿಕೊಟ್ಟದ್ದನ್ನೆಲ್ಲ ನಂಬುವ ಹಾಗಿಲ್ಲ ಎಂಬುದು ಮೊದಲ ಪಾಠ. ಪ್ರತಿ ಪತ್ರಕ್ಕೂ ಮೆಸೇಜ್ ಐಡಿ ಎಂಬ ಗುರುತು ಇರುತ್ತದೆ, ಅದರಲ್ಲೂ @ ಇದೆ. ನೋಡಲು ವಿಳಾಸದ ಹಾಗೇ ಇರುತ್ತದೆ, ಆದರೆ ಆ ವಿಳಾಸದಲ್ಲಿ ಯಾವ ಮನುಷ್ಯನೂ ಇಲ್ಲ. ಬ್ಯಾಂಕಿನವರ 'ಉತ್ತರಿಸಬೇಡಿ' ವಿಳಾಸಗಳೂ ಬಂದು ಕೂರುತ್ತವೆ. ಒಬ್ಬರೇ ಟೀಚರ್ ಹಳೆಯ ಯಾಹೂ, ಹೊಸ ಜಿಮೇಲ್ ಎಂದು ಎರಡೆರಡು ಸಲ ಸಿಗುತ್ತಾರೆ. ವಾಕ್ಯದ ಕೊನೆಯ ಪೂರ್ಣವಿರಾಮ ವಿಳಾಸಕ್ಕೆ ಅಂಟಿಕೊಂಡಿದ್ದರೆ ಪತ್ರ ಹೋಗದೆ ಹಿಂದೆ ಬರುತ್ತದೆ.

ಇನ್ನು ನಮ್ಮವರ ಹೆಸರುಗಳು. ಪತ್ರದ ತಲೆಯಲ್ಲಿ ಕನ್ನಡ ಹೆಸರು ಕನ್ನಡವಾಗಿ ಇರುವುದಿಲ್ಲ. ಬೇಸ್64 ಎಂಬ ಸಂಕೇತದಲ್ಲಿ ಅದನ್ನು ಇಂಗ್ಲಿಷ್ ಅಕ್ಷರ ಮತ್ತು ಅಂಕೆಗಳಿಗೆ ಇಳಿಸಿರುತ್ತಾರೆ. ನೋಡಿದರೆ ಕಸದ ಹಾಗೆ ಕಾಣುತ್ತದೆ. ಆದರೆ ಒಂದು ಮಜಾ ಇದೆ ಮಾರಾಯ್ರೇ! ಹೆಸರು ಅ ಇಂದ ಶುರುವಾಗಲಿ, ಹ ಇಂದ ಶುರುವಾಗಲಿ, ಯುನಿಕೋಡ್ ಕನ್ನಡದಲ್ಲಿ ಬರೆದದ್ದಾದರೆ ಆ ಸಂಕೇತದ ಮೊದಲ ಮೂರು ಗುರುತು ಯಾವಾಗಲೂ 4, ಎಲ್, ಕೆ ಎಂದೇ ಇರುತ್ತದೆ. ಕನ್ನಡದ ಅಕ್ಷರಗಳಿಗೆಲ್ಲ ಯುನಿಕೋಡಿನಲ್ಲಿ ಒಂದೇ ಕೇರಿಯಲ್ಲಿ ಮನೆ ಕೊಟ್ಟಿದ್ದಾರೆ, ಅದಕ್ಕೆ ಹೀಗೆ. ಆ ಮೂರು ಗುರುತು ಹುಡುಕಿ, ತಮ್ಮ ಹೆಸರನ್ನು ಕನ್ನಡದಲ್ಲೇ ಬರೆದುಕೊಂಡವರು ಯಾರ್ಯಾರು ಎಂದು ನೋಡಿ ನಾವು ಖುಷಿಪಟ್ಟದ್ದೂ ಉಂಟು.

ಎಲ್ಲ ಶುದ್ಧ ಮಾಡಿದ ಮೇಲೆ 131 ವಿಳಾಸ ಉಳಿದವು. ಎಲ್ಲವನ್ನೂ ಒಂದು ಅಡ್ಡಹೆಸರಿನ ಕೆಳಗೆ ಹಾಕಿದೆವು. ಹೆಸರು, 'ಕನ್ನಡ'. ಇನ್ನೇನು ಬೇಕು ಎಂದು ಬೆನ್ನು ತಟ್ಟಿಕೊಂಡೆವು.

ಜೂನ್ ಬಂತು. ನಮ್ಮಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಆ ಲೆಕ್ಕದ ಮೇಲೆ ಡಿವಿಷನ್, ಡಿವಿಷನ್ ಮೇಲೆ ಹುದ್ದೆ. ಒಬ್ಬ ಟೀಚರ್ ನಮಗೆ ಪತ್ರ ಬರೆದಿದ್ದರು. ತಮ್ಮ ತರಗತಿಗೆ ಮಕ್ಕಳು ಸಾಲುತ್ತಿಲ್ಲ, ಡಿವಿಷನ್ ಹೋದೀತು ಎಂಬ ಹೆದರಿಕೆ ಇದೆ, ಸದ್ಯಕ್ಕೆ ಯಾರಿಗೂ ಹೇಳಬೇಡಿ ಎಂದು. ನಾವು ಧೈರ್ಯ ಹೇಳಿ ಉತ್ತರಿಸಿದೆವು. ಎರಡು ದಿನ ಬಿಟ್ಟು, ಯಾವ ಶಾಲೆಗೆ ಯಾವ ವಿಷಯದ ಅನುವಾದ ಬೇಕು ಎಂದು ಎಲ್ಲರನ್ನೂ ಕೇಳಲು ಕೂತೆವು. ಅದೇ ಪತ್ರವನ್ನು ತೆರೆದು, ಮೇಲೆ ನಾಲ್ಕು ಸಾಲು ಸೇರಿಸಿ, 'ಕನ್ನಡ' ಎಂದು ಬರೆದು ಕಳಿಸಿಬಿಟ್ಟೆವು. ಕೆಳಗೆ ಟೀಚರ ಪತ್ರ ಬಾಲದ ಹಾಗೆ ಹಾಗೇ ಅಂಟಿಕೊಂಡಿತ್ತು.

ಬಾಲ ಕತ್ತರಿಸದಿದ್ದದ್ದು ನಮ್ಮ ತಪ್ಪು, ಒಪ್ಪಿದೆವು. ಆದರೆ 131ರಲ್ಲಿ ಯಾರಿದ್ದರು ಎಂದು ಆಮೇಲೆ ನೋಡಿದರೆ ಕೈಕಾಲು ತಣ್ಣಗಾಯಿತು. ಎಂದೋ ಒಂದು ಸಲ ಪುಸ್ತಕ ಬಂತೇ ಎಂದು ಕೇಳಿ ಬರೆದ ಪೋಷಕರು ಇದ್ದರು. ಒಂದು ಕಚೇರಿಯ ವಿಳಾಸ ಇತ್ತು. ಪುಸ್ತಕದಂಗಡಿಯವರೂ ಇದ್ದರು. ಗ್ರೆಪ್ಪಿಗೆ ಇವರೆಲ್ಲ ಒಂದೇ, @ ಇದ್ದರೆ ಸಾಕು. ನಮಗೋ, 'ಕನ್ನಡ' ಎಂದು ಟೈಪು ಮಾಡುವಾಗ ಕಣ್ಣೆದುರು ಬಂದದ್ದು ನಮ್ಮ ಟೀಚರುಗಳ ಮುಖ ಮಾತ್ರ.

ಆ ವಾರದಲ್ಲೇ ಆ ತರಗತಿಯ ಎರಡು ಮಕ್ಕಳ ಟಿ.ಸಿ. ಕೇಳಿಕೊಂಡು ಮನೆಯವರು ಬಂದರು. ಹೇಗೂ ಮುಚ್ಚುವ ತರಗತಿ, ಈಗಲೇ ಬೇರೆ ಕಡೆ ಸೇರಿಸುತ್ತೇವೆ ಎಂದರಂತೆ. ನಾವು ಕ್ಷಮೆ ಕೇಳಲು ಹೋದಾಗ ಟೀಚರ್ ಬೈಯಲಿಲ್ಲ. "ಮಾಸ್ಟ್ರೇ, ನಾನು ಬರೆದದ್ದು ನಿಮಗೆ. ನಿಮ್ಮ ಪಟ್ಟಿಗೆ ಅಲ್ಲ" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಅಭಿಪ್ರಾಯ ಇದು. ಹಳೆಯ ಪತ್ರಗಳಿಂದ ವಿಳಾಸ ಹೆಕ್ಕುವುದು ತಪ್ಪಲ್ಲ, ಕಳೆದುಹೋದ ಬಳಗವನ್ನು ಹುಡುಕಲು ಅದು ಒಳ್ಳೆಯ ದಾರಿ. ಆದರೆ ಹೆಕ್ಕಿದ್ದು ಪಟ್ಟಿ ಆಗಬಾರದು, ಕೇಳಬೇಕಾದವರ ಸಾಲು ಆಗಬೇಕು. ಒಬ್ಬರು ನಮಗೆ ಒಂದು ಪತ್ರ ಬರೆದರೆಂದರೆ ಆ ಒಂದು ಮಾತಿಗಾಗಿ ವಿಳಾಸ ಕೊಟ್ಟರು ಎಂದರ್ಥ, ಇನ್ನು ಮುಂದಿನ ಎಲ್ಲ ಮಾತಿಗೂ ಅಲ್ಲ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಒಪ್ಪಿಗೆಯೇ. 18 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ ಅದು. ಕಾಯ್ದೆ ಇಲ್ಲದಿದ್ದರೂ ಇದು ಮರ್ಯಾದೆಯ ಮಾತು.

"ಕೇಳುತ್ತಾ ಕೂತರೆ ಪಟ್ಟಿ ಮುಗಿಯುವುದು ಯಾವಾಗ? ನಾವು ಇರುವುದೇ ಬೆರಳೆಣಿಕೆಯಷ್ಟು, ಸಿಕ್ಕವರನ್ನೆಲ್ಲ ಸೇರಿಸಿಕೊಳ್ಳಬೇಕು" ಎಂದು ನಮ್ಮ ಜೊತೆಯವರೇ ಕೆಲವರು ವಾದಿಸುತ್ತಾರೆ. ಈ ಮಾತಿನಲ್ಲಿ ನೋವಿದೆ, ಸುಳ್ಳಿಲ್ಲ. ಆದರೆ ನಾವು ಕಡಿಮೆ ಜನ ಇರುವುದರಿಂದಲೇ ಹೆಚ್ಚು ಜಾಗ್ರತೆ ಬೇಕು. ದೊಡ್ಡ ಪೇಟೆಯಲ್ಲಿ ಒಂದು ಗುಟ್ಟು ಹೊರಬಿದ್ದರೆ ಯಾರದ್ದೋ ಏನೋ ಎಂದು ಹೋಗುತ್ತದೆ. ನಮ್ಮಲ್ಲಿ ಹೆಸರು ಹೇಳದಿದ್ದರೂ, ಯಾವ ಶಾಲೆ, ಯಾವ ಟೀಚರ್ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತು.

ಇನ್ನು ಕೆಲವರು, ವಾಟ್ಸ್ಯಾಪ್ ಗುಂಪು ಇರುವಾಗ ಇದೆಲ್ಲ ಯಾಕೆ ಎನ್ನುತ್ತಾರೆ. ಬೇಗ ಸುದ್ದಿ ಮುಟ್ಟಿಸಲು ಅದು ಸರಿ. ಆದರೆ ಗುಂಪಿನಲ್ಲಿ ಎಲ್ಲರ ಫೋನ್ ನಂಬರು ಎಲ್ಲರಿಗೂ ಕಾಣುತ್ತದೆ. ಹಬ್ಬದ ಶುಭಾಶಯಗಳ ನಡುವೆ ಒಂದು ಅನುವಾದ ಎಲ್ಲಿ ಹೋಯಿತು ಎಂದು ಮರುವರ್ಷ ಹುಡುಕಿ ನೋಡಿ! ಒಂದು ಮನವಿ ಬರೆಯಬೇಕಾದಾಗ ತಾರೀಕು ಸಹಿತ ಕೈಗೆ ಸಿಗುವುದು ಮಿಂಚಂಚೆಯೇ.

ಹಾಗಾಗಿ ಈಗ ನಾವು ಮಾಡಿದ್ದನ್ನು ಹೇಳುತ್ತೇವೆ. 'ಕನ್ನಡ' ಎಂಬ ಅಡ್ಡಹೆಸರನ್ನು ಅಳಿಸಿದೆವು. 131ರಲ್ಲಿ ಶಿಕ್ಷಕರು ಯಾರೆಂದು ಗುರುತಿಸಿ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಪತ್ರ ಬರೆದು, ಯಾವ ಕೆಲಸಕ್ಕೆ ಸೇರುತ್ತೀರಿ ಎಂದು ಕೇಳಿದೆವು. 58 ಮಂದಿ ಹೂಂ ಎಂದರು. ಉತ್ತರಿಸದವರನ್ನು ಸೇರಿಸಲಿಲ್ಲ. ಅಡ್ಡಹೆಸರುಗಳೂ ಈಗ ಕೆಲಸದ ಹೆಸರುಗಳೇ: 'ಏಳರ ಗಣಿತ ಅನುವಾದ', 'ಎಲ್.ಪಿ. ವರ್ಕ್‌ಶೀಟ್', ಹೀಗೆ. ಹೆಸರು ನೋಡಿದರೆ ಅದರೊಳಗೆ ಯಾರಿದ್ದಾರೆ, ಯಾಕಿದ್ದಾರೆ ಎಂದು ನೆನಪಾಗಬೇಕು. ಕಳಿಸುವಾಗ ವಿಳಾಸಗಳೆಲ್ಲ 'ಗುಪ್ತ ಪ್ರತಿ' ಸಾಲಿನಲ್ಲಿ, ಪತ್ರ ಯಾವಾಗಲೂ ಹೊಸತು, ಹಳೆಯದರ ಮೇಲೆ ಬರೆಯುವುದಿಲ್ಲ. ಪಟ್ಟಿ ಇಬ್ಬರ ಕೈಯಲ್ಲಿದೆ, ಒಬ್ಬರು ನಿವೃತ್ತರಾದರೆ ಇನ್ನೊಬ್ಬರಲ್ಲಿ ಉಳಿಯಲಿ ಎಂದು. ಪ್ರತಿ ಜೂನಿನಲ್ಲಿ ಮತ್ತೆ ಕೇಳುತ್ತೇವೆ, ವರ್ಗವಾದವರು ಇರುತ್ತಾರಲ್ಲ.

ಲಿನಕ್ಸಿನವರು ಬಳಸುವ ಮಟ್ ಎಂಬ ಹಳೆಯ ಮಿಂಚಂಚೆ ತಂತ್ರಾಂಶ ಒಂದಿದೆ. ಪತ್ರ ಓದುವಾಗ ಅದರಲ್ಲಿ 'ಎ' ಕೀಲಿ ಒತ್ತಿದರೆ ಬರೆದವರ ವಿಳಾಸವನ್ನು ತೆಗೆದುಕೊಂಡು, ಇವರಿಗೆ ಏನು ಅಡ್ಡಹೆಸರು ಇಡಲಿ, ಸೇರಿಸಲೇ ಎಂದು ನಮ್ಮನ್ನು ಕೇಳುತ್ತದೆ. ಒಂದು ಸಲಕ್ಕೆ ಒಬ್ಬರು. ಮೊದಲು ನಮಗೆ ಇದು ಎತ್ತಿನಗಾಡಿಯ ವೇಗ ಎನಿಸಿತ್ತು. ಈಗ ಆ ಪ್ರಶ್ನೆ ಎಷ್ಟು ಬೆಲೆಯದ್ದು ಎಂದು ಗೊತ್ತಾಗಿದೆ. ಯಂತ್ರ ನಮ್ಮನ್ನು ಕೇಳುವಷ್ಟಾದರೂ ನಾವು ಒಬ್ಬರನ್ನೊಬ್ಬರು ಕೇಳಬೇಡವೇ?

ಆ ಟೀಚರ್ ಹೂಂ ಎಂದ 58 ಮಂದಿಯಲ್ಲಿ ಇಲ್ಲ. ಕೇಳಿದ್ದೆವು, ಉತ್ತರ ಬರಲಿಲ್ಲ. ಮುಂದಿನ ಜೂನಿಗೆ ಮತ್ತೊಮ್ಮೆ ಕೇಳುತ್ತೇವೆ. ಅಲ್ಲಿಯವರೆಗೆ ಅವರ ವಿಳಾಸ ನಮ್ಮಲ್ಲಿದ್ದರೂ ಅದು ನಮ್ಮದಲ್ಲ. ನಿಮ್ಮ ಶಾಲೆಯ ಪಟ್ಟಿಯನ್ನೂ ಒಮ್ಮೆ ಬಿಚ್ಚಿ ನೋಡಿ. ಅದರಲ್ಲಿರುವ ಎಷ್ಟು ಮಂದಿಯನ್ನು ನೀವು ಕೇಳಿ ಸೇರಿಸಿದ್ದೀರಿ?