ವರ್ಣವೆಂಬ ಶಬ್ದವೂ ಗಣಕದ ಬಣ್ಣಗಳೂ

‘ವರ್ಣ’ ಎಂಬ ಶಬ್ದಕ್ಕೆ ಬಣ್ಣವೆಂದೂ ಅಕ್ಷರವೆಂದೂ ಎರಡರ್ಥಗಳುಂಟೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ ಆಗಿದೆ. ಈ ಎರಡರ್ಥಗಳೂ ಒಂದೇ ಬೊಕ್ಕಸದ ಹಣಕ್ಕಾಗಿ ಪರಸ್ಪರ ಸ್ಪರ್ಧಿಸಿದ ಕಾಲವೊಂದಿತ್ತು. ಅದು ವೈಯಕ್ತಿಕ ಗಣಕಯಂತ್ರಗಳ ಬಾಲ್ಯಕಾಲ. ಅಂದಿನ ನಾಲ್ಕು ಬಣ್ಣದ ಚಿತ್ರಗಳನ್ನು ಕಂಡು ಇಂದಿನ ಹುಡುಗರು ನಗುತ್ತಾರೆ. ಆ ನಗೆ ಅವಿಚಾರದ್ದೆಂದು ನನ್ನ ಅಭಿಪ್ರಾಯ.

1981ರಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರಿಗಾಗಿ ಹೊರತಂದ ಸಿ.ಜಿ.ಎ. ಎಂಬ ವರ್ಣಫಲಕಕ್ಕಿದ್ದ ಸ್ಮೃತಿ ಕೇವಲ 16 ಕಿಲೋಬೈಟ್. ಅಡ್ಡಲಾಗಿ 320, ಉದ್ದಕ್ಕೆ 200, ಒಟ್ಟು 64,000 ಬಿಂದುಗಳು. ಬಿಂದುವೊಂದಕ್ಕೆ ಎರಡೇ ಬಿಟ್ ದಕ್ಕುವುದರಿಂದ ಏಕಕಾಲಕ್ಕೆ ನಾಲ್ಕು ಬಣ್ಣಗಳಷ್ಟೇ ಸಾಧ್ಯ. ಹಿನ್ನೆಲೆಯ ಬಣ್ಣವನ್ನು ಹದಿನಾರರಲ್ಲಿ ಆರಿಸಿಕೊಳ್ಳಬಹುದು. ಉಳಿದ ಮೂರಕ್ಕೆ ಎರಡು ನಿಯತ ಗುಂಪುಗಳು. ಒಂದು, ಹಸಿರು, ಕೆಂಪು, ಕಂದು; ಇನ್ನೊಂದು, ಸಯಾನ್ ಎನ್ನುವ ಹಸಿರುನೀಲಿ, ಮಜೆಂಟಾ ಎನ್ನುವ ಕಡುಗುಲಾಬಿ, ಬಿಳಿ. ಮೊದಲ ಗುಂಪಿಗೆ ನೀಲಿಯೊಂದು ಆಗಮವಾದರೆ ಎರಡನೆಯದು ಸಿದ್ಧಿಸುತ್ತದೆ. ಕೆಂಪು ಹಸಿರು ಬೆಳಕುಗಳು ಕೂಡಿದರೆ ನಿಯಮದಂತೆ ಮಬ್ಬು ಹಳದಿಯಾಗಬೇಕಷ್ಟೆ, ಆದರೆ ಐ.ಬಿ.ಎಂ.ನವರ ಬಣ್ಣದ ಪರದೆಯು ಈ ಒಂದೆಡೆ ಮಾತ್ರ ಹಸಿರನ್ನು ತಗ್ಗಿಸಿ ಕಂದನ್ನು ತೋರಿಸುತ್ತಿತ್ತು. ಉತ್ಸರ್ಗಕ್ಕೊಂದು ಅಪವಾದ! ವ್ಯಾಕರಣ ಓದಿದವನಿಗೆ ಇದರಲ್ಲಿ ಸಂತೋಷವಾಗದಿರದು. ಎರಡನೆಯ ಗುಂಪಿನಲ್ಲಿ ಮನುಷ್ಯನ ಮೈಬಣ್ಣಕ್ಕೆ ಹತ್ತಿರವಾದುದು ಒಂದೂ ಇಲ್ಲವೆಂಬುದು ಮಾತ್ರ ದೋಷವೇ ಸರಿ.

ನಮ್ಮ ದೇಶದ ಶಾಲೆಗಳಿಗೆ ಹೆಚ್ಚು ಸಂಬಂಧಪಟ್ಟದ್ದು ಬಿ.ಬಿ.ಸಿ. ಮೈಕ್ರೊ ಯಂತ್ರ. 1984-85ರಲ್ಲಿ ಭಾರತ ಸರಕಾರವು ಆರಂಭಿಸಿದ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಬಂದುದು ಅದೇ. ಅದರಲ್ಲಿ ಎರಡು ಬಣ್ಣ ಸಾಕೆಂದವರಿಗೆ ಸಾಲಿಗೆ 640 ಬಿಂದುಗಳು. ನಾಲ್ಕು ಬೇಕೆಂದವರಿಗೆ 320. ಹದಿನಾರು ಬೇಕೆಂದವರಿಗೆ ಬರೀ 160, ಅವುಗಳಲ್ಲಿಯೂ ಎಂಟು ಬಣ್ಣಗಳು ಮಿನುಗುವಂಥವು. ಮೂರಕ್ಕೂ ತಗಲುತ್ತಿದ್ದ ಸ್ಮೃತಿ ಒಂದೇ, 20 ಕಿಲೋಬೈಟ್. ಬಣ್ಣ ಹೆಚ್ಚಿದಷ್ಟೂ ರೂಪ ಒರಟಾಗುತ್ತಿತ್ತು. ಸಾಲಿಗೆ ಎಂಬತ್ತು ಅಕ್ಷರ ಹಿಡಿಯುತ್ತಿದ್ದ ಪರದೆಯಲ್ಲಿ ಇಪ್ಪತ್ತೇ ಅಕ್ಷರಗಳು ಉಬ್ಬಿಕೊಂಡು ಕುಳಿತುಕೊಳ್ಳುತ್ತಿದ್ದವು.

ಪ್ರತಿ ಅಕ್ಷರಕ್ಕೂ ಎಂಟು ಅಡ್ಡ, ಎಂಟು ಉದ್ದದ ಚೌಕ. ಇಂಗ್ಲಿಷಿನ ಅಕ್ಷರಗಳಿಗೆ ಅದು ಸಾಕು. ತಲೆಕಟ್ಟು, ಗುಡಿಸು, ಕೊಂಬು, ಒತ್ತಕ್ಷರಗಳುಳ್ಳ ನಮ್ಮ ಲಿಪಿಗೆ ಸಾಲದು. ಬಳಕೆದಾರನು ತಾನೇ ರಚಿಸಿದ ಆಕೃತಿಗಳಿಗೆ ಆ ಯಂತ್ರವು ಸಾಮಾನ್ಯವಾಗಿ ಬಿಟ್ಟುಕೊಡುತ್ತಿದ್ದ ಸ್ಥಾನಗಳು 32. ನಮ್ಮ ವರ್ಣಮಾಲೆಯ ಅಕ್ಷರಗಳೇ 49, ಗುಣಿತ, ಸಂಯುಕ್ತಗಳ ಮಾತಂತೂ ಬೇರೆ. ಇನ್ನಷ್ಟು ಸ್ಥಾನ ಬೇಕಾದರೆ ಅದೇ ಬೊಕ್ಕಸಕ್ಕೆ ಕೈಹಾಕಬೇಕು. ಆದುದರಿಂದ ಕನ್ನಡಿಗನು ಅಂಥ ಯಂತ್ರದ ಮುಂದೆ ಕುಳಿತು ಮೊದಲು ಕೇಳಬೇಕಾಗಿದ್ದ ಪ್ರಶ್ನೆ “ಬಣ್ಣಗಳೆಷ್ಟು?” ಎಂದಲ್ಲ, “ಬಿಂದುಗಳೆಷ್ಟು?” ಎಂದು. ಆಟದ ಚಿತ್ರಕ್ಕೆ ಹದಿನಾರು ಬಣ್ಣ ಬೇಡಿದವನನ್ನು ನಾನು ದೂರುವುದಿಲ್ಲ. ಲಿಪಿಯ ವಿಷಯದಲ್ಲಿ ಮಾತ್ರ ಕಪ್ಪು ಬಿಳಿಯೇ ನಮಗೆ ಹಿತವಾಗಿತ್ತು.

1987ರಲ್ಲಿ ಬಂದ ವಿ.ಜಿ.ಎ. ಫಲಕವು 2,62,144 ಬಣ್ಣಗಳಿಂದ 256ನ್ನು ಆರಿಸಿಕೊಳ್ಳುವ ಅವಕಾಶ ಕೊಟ್ಟಿತು. ಇಂದಿನ ಸಾಧಾರಣ ಪರದೆಯಲ್ಲಿ ಬಣ್ಣಗಳ ಲೆಕ್ಕ ಒಂದೂವರೆ ಕೋಟಿಯನ್ನೂ ಮೀರಿದೆ. ಅಪಾರವಾಗಿ ದೊರೆತಾಗ ಆರಿಸುವ ಶ್ರಮ ಯಾರಿಗೂ ಕಾಣದು. ಅದಕ್ಕಾಗಿಯೇ ಗಣಕ ಶಿಕ್ಷಣವು ಪರದೆಯಿಂದಲ್ಲ, ಗ್ರಾಫ್ ಕಾಗದದಿಂದ ಆರಂಭವಾಗಬೇಕೆಂದು ನಾನು ಹೇಳುವುದು. ನಗುವ ಹುಡುಗನ ಕೈಗೆ ಒಂದು ಹಾಳೆಯನ್ನೂ ಪೆನ್ಸಿಲನ್ನೂ ಕೊಟ್ಟು, ಎಂಟು ಮನೆ ಅಡ್ಡ ಎಂಟು ಮನೆ ಉದ್ದದ ಚೌಕದೊಳಗೆ, ಅರ್ಧ ಮನೆ ತುಂಬದೆ, ‘ಸ್ತ್ರೀ’ ಎಂದು ಬರೆಯಹೇಳಿರಿ.